ಪಿಟೀಲು, ಫುಟ್‌ಬಾಲು ಮತ್ತು ಕಾಲೇಜಿನ ಬಾಗಿಲು

ಮೊನ್ನೆ ನ್ಯೂಜೆರ್ಸಿಯಿಂದ ಗೆಳೆಯ ಫೋನ್ ಮಾಡಿದ್ದ. ಮಗಳು ಈಗ ಹತ್ತನೇ ಕ್ಲಾಸು. ಅವಳ ವಾರದ ದಿನಚರಿ ಕೇಳಿ ನನಗೇ ಸುಸ್ತಾಯಿತು. ಸೋಮವಾರ ಡಿಬೇಟು, ಮಂಗಳವಾರ ಪಿಟೀಲು, ಶನಿವಾರ ಆಸ್ಪತ್ರೆಯಲ್ಲಿ ಸ್ವಯಂಸೇವೆ. ಇದರ ನಡುವೆ ಕಾಲೇಜು ಮಟ್ಟದ ಎರಡು ಕೋರ್ಸು ಬೇರೆ! "ಎಲ್ಲಾ ಕಾಲೇಜು ಸೀಟಿಗೋಸ್ಕರ ಮಾರಾಯ" ಅಂದ.

ನಮ್ಮ ಕಾಲದಲ್ಲಿ ಪಿಯುಸಿ ಅಂಕ, ಸಿಇಟಿ ರಾಂಕು, ಅಲ್ಲಿಗೆ ಮುಗೀತು. ನಾಟಕ ಗೀಟಕ ಅಂತ ಹೋದರೆ ಮನೆಯಲ್ಲಿ ಬೈಗುಳ. ಅಲ್ಲಿ ಹೋಗದಿದ್ದರೆ ಬೈಗುಳ! ಈ ಪದ್ಧತಿ ಎಲ್ಲಿಂದ ಬಂತು ಅಂತ ಕೆದಕುತ್ತಾ ಹೋದೆ. ಸಿಕ್ಕ ಕತೆ ಅಷ್ಟೇನೂ ಚೆಂದದ್ದಲ್ಲ...

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಒಂದೊಂದು ಕಾಲೇಜಿಗೂ ಒಂದೊಂದು ಪ್ರವೇಶ ಪರೀಕ್ಷೆ. ಲ್ಯಾಟಿನ್, ಗ್ರೀಕ್ ಬಾರದವನಿಗೆ ದೊಡ್ಡ ಕಾಲೇಜುಗಳ ಬಾಗಿಲು ತೆರೆಯುವುದೇ ಕಷ್ಟ. ಹೈಸ್ಕೂಲಿನ ಮೇಷ್ಟ್ರುಗಳು ಯಾವ ಕಾಲೇಜಿಗೆ ಅಂತ ಪಾಠ ಮಾಡಬೇಕು? ಈ ಗೊಂದಲ ಬಗೆಹರಿಸಲು 1892ರಲ್ಲಿ ಹತ್ತು ಜನರ ಸಮಿತಿಯೊಂದು ನೇಮಕವಾಯಿತು. ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಅದರ ಮುಖ್ಯಸ್ಥ. ಕಾಲೇಜಿಗೆ ಹೋಗುವ ಹುಡುಗನಿಗೂ ಹೋಗದವನಿಗೂ ಒಂದು ವಿಷಯವನ್ನು ಒಂದೇ ರೀತಿ ಕಲಿಸಬೇಕು ಎಂದಿತು ಆ ಸಮಿತಿ. ಮುಂದೆ ಕಾಲೇಜುಗಳೆಲ್ಲ ಸೇರಿ ಒಂದು ಮಂಡಳಿ ಮಾಡಿಕೊಂಡು, 1901ರ ಜೂನ್‌ನಲ್ಲಿ ಮೊದಲ ಸಾಮಾನ್ಯ ಪರೀಕ್ಷೆ ನಡೆಸಿದವು. ಕೂತವರು 973 ಜನ!

ಆಮೇಲಿನದು ತಮಾಷೆಯಾಗಿದೆ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಪ್ರೊಫೆಸರುಗಳ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಕೊಟ್ಟ. ಆದರೆ ಯಾವುದನ್ನು ಕಾಲೇಜು ಅಂತ ಕರೆಯುವುದು? ಹೈಸ್ಕೂಲಿನಲ್ಲಿ ಕನಿಷ್ಠ 14 'ಯೂನಿಟ್' ಓದಿದವರನ್ನೇ ಸೇರಿಸಿಕೊಳ್ಳುವುದು ಕಾಲೇಜು ಎಂದು ಅವನ ಪ್ರತಿಷ್ಠಾನ ನಿಯಮ ಮಾಡಿತು. ಒಂದು ಯೂನಿಟ್ ಅಂದರೆ ಒಂದು ವಿಷಯದಲ್ಲಿ ವರ್ಷಕ್ಕೆ ಸುಮಾರು 120 ಗಂಟೆ ಪಾಠ. ಪಿಂಚಣಿಯ ಆಸೆಗೆ ಕಾಲೇಜುಗಳು ಒಪ್ಪಿದವು, ಕಾಲೇಜಿನ ಆಸೆಗೆ ಹೈಸ್ಕೂಲುಗಳು ಒಪ್ಪಿದವು. ಇವತ್ತಿಗೂ ಅಲ್ಲಿನ ಬಹುತೇಕ ಹೈಸ್ಕೂಲುಗಳ 'ಕ್ರೆಡಿಟ್' ಲೆಕ್ಕದ ಬೇರು ಇರುವುದು ಇಲ್ಲೇ. ಮೇಷ್ಟ್ರ ಪಿಂಚಣಿಗಾಗಿ ಹುಟ್ಟಿದ ಅಳತೆಗೋಲಿನಲ್ಲಿ ಮಕ್ಕಳ ಓದನ್ನು ಅಳೆಯುತ್ತಿದ್ದಾರೆ ನೋಡಿ.

ಸರಿ, ಪಿಟೀಲು ಎಲ್ಲಿಂದ ಬಂತು?

ಪರೀಕ್ಷೆ ಪಾಸಾದವರಿಗೆ ಸೀಟು ಎನ್ನುವ ನಿಯಮದಿಂದ ಯಾರೂ ಎಣಿಸದ ಒಂದು ಫಲ ಸಿಕ್ಕಿತು. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿಗಳ ಮಕ್ಕಳು ಕಷ್ಟಪಟ್ಟು ಓದಿ ಸಾಲುಸಾಲಾಗಿ ಪಾಸಾದರು. 1922ರ ಹೊತ್ತಿಗೆ ಹಾರ್ವರ್ಡ್‌ನ ಹೊಸ ವಿದ್ಯಾರ್ಥಿಗಳಲ್ಲಿ ಐದರಲ್ಲೊಬ್ಬ ಯಹೂದಿ. ಆಗಿನ ಅಧ್ಯಕ್ಷ ಲಾರೆನ್ಸ್ ಲೊವೆಲ್‌ಗೆ ಇದು ಸಹಿಸಲಿಲ್ಲ. ಯಹೂದಿಗಳಿಗೆ ಮಿತಿ ಹಾಕೋಣ ಎಂದ. ಗದ್ದಲವಾಯಿತು, ಅಧ್ಯಾಪಕರ ಸಮಿತಿ ಒಪ್ಪಲಿಲ್ಲ. ಮುಂಬಾಗಿಲಲ್ಲಿ ಆಗದ್ದು ಹಿತ್ತಿಲ ಬಾಗಿಲಲ್ಲಿ ಆಯಿತು. 1926ರಲ್ಲಿ ಹೊಸ ಪದ್ಧತಿ ಬಂತು: ಅಂಕವೊಂದೇ ಸಾಲದು, 'ಚಾರಿತ್ರ್ಯ', 'ವ್ಯಕ್ತಿತ್ವ'ವನ್ನೂ ನೋಡುತ್ತೇವೆ, ಅರ್ಜಿ ಜೊತೆ ಫೋಟೋ ಬೇಕು. ಅಪ್ಪನ ಹೆಸರು ಬದಲಾಗಿದೆಯೇ ಎಂಬ ಪ್ರಶ್ನೆಯೂ ಆ ವರ್ಷಗಳ ಅರ್ಜಿಯಲ್ಲಿತ್ತು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಆಟ, ನಾಯಕತ್ವ, ಒಡನಾಟ ಎಲ್ಲ ಅರ್ಜಿಯಲ್ಲಿ ತೂಕ ಪಡೆದದ್ದು ಹೀಗೆ. ಕೆಲವೇ ವರ್ಷಗಳಲ್ಲಿ ಅಲ್ಲಿ ಯಹೂದಿಗಳ ಪ್ರಮಾಣ ಇಳಿದುಹೋಯಿತು.

ಹಾಗಾದರೆ ನಮ್ಮ ಹಾಗೆ ಪರೀಕ್ಷೆಯೇ ವಾಸಿ ಅನ್ನೋಣವೇ? ಸ್ವಲ್ಪ ತಡೆಯಿರಿ. ಅದೇ 1926ರ ಜೂನ್ 23ರಂದು 8,040 ಜನ ಬರೆದ ಮೊದಲ ಎಸ್‌ಎಟಿ ಪರೀಕ್ಷೆಯ ರೂವಾರಿ ಕಾರ್ಲ್ ಬ್ರಿಗಮ್. ಬುದ್ಧಿವಂತಿಕೆಯಲ್ಲಿ ಕೆಲವು ಜನಾಂಗ ಮೇಲು, ಕೆಲವು ಕೀಳು ಎಂದು 1923ರಲ್ಲಿ ಪುಸ್ತಕ ಬರೆದವನು ಆತ. 1930ರಲ್ಲಿ ತಪ್ಪಾಯಿತು ಅಂತ ಒಪ್ಪಿಕೊಂಡ. ಪರೀಕ್ಷೆ ಮಾತ್ರ ಉಳಿಯಿತು.

ಇದೆಲ್ಲ ಹಳೇ ಕತೆ ಅಂದುಕೊಂಡಿದ್ದೆ. 2018ರಲ್ಲಿ ಹಾರ್ವರ್ಡ್ ಮೇಲಿನ ಮೊಕದ್ದಮೆಯ ವಿಚಾರಣೆಯಲ್ಲಿ ಒಂದು ಸಂಗತಿ ಹೊರಬಿತ್ತು. ಏಷ್ಯಾ ಮೂಲದ ಮಕ್ಕಳಿಗೆ ಓದಿನಲ್ಲಿ ಒಳ್ಳೆ ಅಂಕ, 'ವ್ಯಕ್ತಿತ್ವ'ದ ಅಂಕ ಮಾತ್ರ ಸರಾಸರಿಯಲ್ಲಿ ಕಮ್ಮಿ! ಬೇಕೆಂದೇ ತಾರತಮ್ಯ ಮಾಡಿದ್ದು ಸಾಬೀತಾಗಿಲ್ಲ ಎಂದು 2019ರಲ್ಲಿ ಕೆಳಗಿನ ಕೋರ್ಟು ತೀರ್ಪು ಕೊಟ್ಟಿತು. 2023ರಲ್ಲಿ ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನೇ ತಳ್ಳಿಹಾಕಿತು. 'ವ್ಯಕ್ತಿತ್ವ'ವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಹಾಗೇ ಇದೆ. ನೂರು ವರ್ಷದ ಹಿಂದೆ ಯಹೂದಿ ಹುಡುಗ ನಿಂತಿದ್ದ ಬಾಗಿಲಲ್ಲಿ ಈಗ ನನ್ನ ಗೆಳೆಯನ ಮಗಳು ನಿಂತಿದ್ದಾಳೆ.

ನಾಟಕ, ಆಟ, ಸೇವೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮಗೆ ಅವು ಸಿಗದ್ದೇ ನಷ್ಟ. ಆದರೆ ಯಾವುದೇ ಅಳತೆಗೋಲು ಕಂಡಾಗ ಇದನ್ನು ಮಾಡಿದವರು ಯಾರು, ಯಾರನ್ನು ಹೊರಗಿಡಲು ಮಾಡಿದರು ಅಂತ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಗೆಳೆಯನಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಪಿಟೀಲು ಮಾತ್ರ ಅವಳೇ ಇಷ್ಟಪಟ್ಟು ಸೇರಿದ್ದು ಕಣೋ" ಅಂದ. ಹಾಗಾದರೆ ಅದೊಂದನ್ನು ಯಾವ ಕಾರಣಕ್ಕೂ ಬಿಡಿಸಬೇಡ ಅಂದೆ.

ನಿಮ್ಮ ಮನೆಯ ಮಕ್ಕಳ ಕತೆ ಏನು? ಹೇಳಿ.