ಕೃಷ್ಣದೇವರಾಯನ ಬಳಿಕ: ಅಚ್ಯುತರಾಯನ ಮೂರು ಪಟ್ಟಾಭಿಷೇಕಗಳು

1529ರಲ್ಲಿ ಅಚ್ಯುತರಾಯನಿಗೆ ತಿರುಮಲೆ, ಕಾಳಹಸ್ತಿ, ಕೊನೆಗೆ ವಿಜಯನಗರ ಹೀಗೆ ಮೂರು ಕಡೆ ಪಟ್ಟಾಭಿಷೇಕವಾಯಿತು. ಅಳಿಯ ರಾಮರಾಯನ ಪೈಪೋಟಿಯೇ ಇದಕ್ಕೆ ಕಾರಣವೆಂಬ ವಿವರಣೆ ಸಾಧುವಾದದ್ದೇ. ಆದರೆ ಕೃಷ್ಣದೇವರಾಯನಂಥವನ ಪೀಠಕ್ಕೆ ಬಂದವನ ಅಳುಕೂ ಇಲ್ಲಿ ಸೇರಿದೆ ಎಂದು ನನಗೆ ತೋರುತ್ತದೆ. ಅಳುಕನ್ನು ಯಾವ ಅರಸನೂ ಶಾಸನದಲ್ಲಿ ಕೆತ್ತಿಸುವುದಿಲ್ಲ; ನಡೆಯಿಂದಲೇ ಊಹಿಸಬೇಕು.

ಅವನು ಅಣ್ಣನ ಮೊದಲ ಆಯ್ಕೆಯಾಗಿರಲಿಲ್ಲ. ಕೃಷ್ಣದೇವರಾಯ 1524ರಲ್ಲಿ ಬಾಲಕ ಮಗ ತಿರುಮಲನಿಗೆ ಪಟ್ಟ ಕಟ್ಟಿದ್ದ. ಹುಡುಗ ಬೇಗನೆ ತೀರಿಕೊಂಡ ಮೇಲೆಯೇ ಚಂದ್ರಗಿರಿಯ ಕಾವಲಿನಲ್ಲಿದ್ದ ಮಲತಮ್ಮನಿಗೆ ಸರದಿ ಬಂದದ್ದು. ಪಟ್ಟವೇರುತ್ತಲೇ ಗಜಪತಿಯೂ ಗೋಲ್ಕೊಂಡದವರೂ ಮೇಲೆ ಬಿದ್ದರು, ಅವರನ್ನು ಹಿಮ್ಮೆಟ್ಟಿಸಿದ್ದಾಯಿತು. ರಾಯಚೂರು ಮಾತ್ರ ಕೈತಪ್ಪಿತು. ಅಣ್ಣ 1520ರಲ್ಲಿ ಖುದ್ದು ರಣರಂಗದಲ್ಲಿ ನಿಂತು ಗೆದ್ದ ಕೋಟೆ ಅದು. ಇಸ್ಮಾಯಿಲ್ ಆದಿಲ್ ಶಾಹ 1534ರಲ್ಲಿ ಸತ್ತಾಗ ಎದ್ದ ಗೊಂದಲದಲ್ಲಿ ಅಚ್ಯುತ ಅದನ್ನು ಮರಳಿ ಪಡೆದನಾದರೂ, ಜನರ ನೆನಪಿನಲ್ಲಿ ಉಳಿದದ್ದು ಕಳೆದುಕೊಂಡ ಸುದ್ದಿಯೇ.

ದಕ್ಷಿಣದ ದಂಡಯಾತ್ರೆಯನ್ನೂ ಹೀಗೆಯೇ ನೋಡಲಾಗಿದೆ. ಅರಸ ಶ್ರೀರಂಗದಲ್ಲಿ ಉಳಿದು, ಭಾವಮೈದುನ ಸಲಕರಾಜು ತಿರುಮಲನನ್ನು ಮುಂದೆ ಕಳಿಸಿದ. ಸೇನೆ ತಾಮ್ರಪರ್ಣಿಯವರೆಗೆ ಹೋಗಿ ಗೆದ್ದು ಬಂತು. ಬೇರೆ ಯಾರೇ ಆಗಿದ್ದರೂ ಇದನ್ನು ಸರಿಯಾದ ಹಂಚಿಕೆ ಎನ್ನುತ್ತಿದ್ದರು. ಅಚ್ಯುತನ ಪಾಲಿಗೆ ಇದು ಹೇಡಿತನವಾಯಿತು, ಏಕೆಂದರೆ ಅಣ್ಣನಾಗಿದ್ದರೆ ತಾನೇ ಹೋಗುತ್ತಿದ್ದ!

ಈ ಹೋಲಿಕೆ ಗಟ್ಟಿಯಾದದ್ದು ಬಹಳ ಈಚೆಗೆ. ರಾಬರ್ಟ್ ಸೂಯಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಇಬ್ಬರು ಪೋರ್ಚುಗೀಸರ ಬರಹಗಳಿವೆ. ಪಾಯೆಸ್ ಕಂಡದ್ದು ಎಳ್ಳೆಣ್ಣೆ ಕುಡಿದು ಬೆಳಗಿನ ಜಾವ ಕಸರತ್ತು ಮಾಡುವ ಕೃಷ್ಣದೇವರಾಯನನ್ನು. ಕುದುರೆ ವ್ಯಾಪಾರಿ ನೂನಿಜ್ ಬರೆದದ್ದು ದುರ್ವ್ಯಸನಿ, ಅಂಜುಬುರುಕ ಅಚ್ಯುತನ ಬಗ್ಗೆ. ಎರಡೂ ಒಂದೇ ರಟ್ಟಿನೊಳಗೆ ಬಂದದ್ದರಿಂದ ಓದುಗರ ತೀರ್ಮಾನಕ್ಕೆ ಕಷ್ಟವಾಗಲಿಲ್ಲ. ಆಸ್ಥಾನಕವಿ ರಾಜನಾಥ ಡಿಂಡಿಮನ ‘ಅಚ್ಯುತರಾಯಾಭ್ಯುದಯ’ವನ್ನು ಹೊಗಳಿಕೆಯೆಂದು ಬದಿಗಿಡುವವರು ನೂನಿಜನ ತೆಗಳಿಕೆಯನ್ನು ಅಷ್ಟೇ ಎಚ್ಚರದಿಂದ ಓದಿದ್ದಾರೆಯೇ? ಎನ್. ವೆಂಕಟರಮಣಯ್ಯನವರು 1935ರಷ್ಟು ಹಿಂದೆಯೇ ಈ ಆಳ್ವಿಕೆಯನ್ನು ಹೊಸದಾಗಿ ಪರಿಶೀಲಿಸಿದರು. ನಮ್ಮ ಪಠ್ಯಪುಸ್ತಕಗಳಿಗೆ ಅದು ತಟ್ಟಿದಂತಿಲ್ಲ.

ಅವನಿಗೆ ದೋಷಗಳಿರಲಿಲ್ಲವೆಂದಲ್ಲ. ಸಲಕರಾಜು ಸೋದರರಿಗೆ ಅತಿಯಾಗಿ ಒಲಿದದ್ದರ ಫಲವನ್ನು ಅವನ ಮರಣಾನಂತರ, 1542ರಿಂದ, ರಾಜ್ಯವೇ ಉಂಡಿತು. ಆ ಒಲವಿಗೂ ಅಳುಕೇ ಕಾರಣವಿದ್ದೀತು: ಅಣ್ಣನ ಕಾಲದ ದೊಡ್ಡವರ ನಡುವೆ ತನ್ನವರೆಂದು ಅವನಿಗಿದ್ದವರು ಇವರೇ.

ತಿರುಮಲ ತಿರುಪತಿ ದೇವಸ್ಥಾನದ ಶಾಸನ ಸಂಪುಟಗಳಲ್ಲಿ ಮೂರನೆಯದು ಕೃಷ್ಣದೇವರಾಯನ ಕಾಲದ್ದು, ನಾಲ್ಕನೆಯದು ಅಚ್ಯುತನದು. ಕನ್ನಡದ ಸಂಶೋಧಕರು ನೂನಿಜನನ್ನು ಉಲ್ಲೇಖಿಸುವ ಮುನ್ನ ಆ ನಾಲ್ಕನೆಯ ಸಂಪುಟವನ್ನು ಒಮ್ಮೆ ತೆರೆಯಲಿ.