ತೀವ್ರ ನಿಗಾ ಘಟಕದಲ್ಲಿ ಸ್ನಾಯುಕ್ಷಯ: ಕಾಸರಗೋಡಿನ ರೋಗಿಯ ಆಹಾರ, ವ್ಯಾಯಾಮ ಮತ್ತು ಮನೆಯ ದಾರಿ

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆಯವರು ಕಾಯಿಲೆ ವಿಷಮಿಸಿದಾಗ ಮಂಗಳೂರಿಗೆ ಧಾವಿಸುವುದು ಹಿಂದಿನಿಂದ ಬಂದ ವಾಡಿಕೆ. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಈ ಅವಲಂಬನೆಯ ಆಳ ಗೊತ್ತಾಯಿತು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಜೀವಗಳು ಹೋದವು. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡವನ್ನು ಏಪ್ರಿಲ್‌ನಲ್ಲಿ ಅವಸರದಿಂದ ಕೋವಿಡ್ ಆಸ್ಪತ್ರೆಯಾಗಿ ತೆರೆಯಲಾಯಿತು. ಆಗ ಹಾಸಿಗೆ, ವೆಂಟಿಲೇಟರ್, ಆಂಬುಲೆನ್ಸ್‌ಗಳ ಚರ್ಚೆ ನಡೆಯಿತು. ಬದುಕಿ ಬಂದವರು ಮತ್ತೆ ಎದ್ದು ನಡೆಯುವುದು ಹೇಗೆ ಎಂಬುದು ಮಾತ್ರ ಆ ಚರ್ಚೆಗೆ ಬರಲೇ ಇಲ್ಲ.

ತೀವ್ರ ನಿಗಾ ಘಟಕದಲ್ಲಿ ಸ್ನಾಯು ಕರಗುವ ವೇಗ ಅಚ್ಚರಿ ಹುಟ್ಟಿಸುವಂಥದ್ದು. ಪುತುಚೇರಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಲಂಡನ್ ಅಧ್ಯಯನದಲ್ಲಿ 63 ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡ್‌ನಿಂದ ಅಳೆದರು. ಹತ್ತೇ ದಿನಗಳಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ ಸರಾಸರಿ 17.7 ಶೇಕಡಾ ಇಳಿದಿತ್ತು. ಹಲವು ಅಂಗಗಳು ಕೆಟ್ಟವರಲ್ಲಿ ನಷ್ಟ ಇನ್ನೂ ಹೆಚ್ಚು. ಹಾಸಿಗೆ ಹಿಡಿದದ್ದೊಂದೇ ಇದಕ್ಕೆ ಕಾರಣವಲ್ಲ. ಸೋಂಕಿನ ಉರಿಯೂತ ಸ್ನಾಯುವಿನ ಪ್ರೋಟೀನನ್ನು ಒಡೆಯುತ್ತದೆ, ಇನ್ಸುಲಿನ್‌ಗೆ ದೇಹ ಸ್ಪಂದಿಸುವುದಿಲ್ಲ, ಹೊಸ ಪ್ರೋಟೀನ್ ಕಟ್ಟುವ ಕೆಲಸವೂ ಕುಂಠಿತವಾಗುತ್ತದೆ.

ಹಾಗಿದ್ದರೆ ಪ್ರೋಟೀನ್ ಧಾರಾಳವಾಗಿ ಕೊಟ್ಟರಾಯಿತಲ್ಲ? ಸಹಜವಾದ ಈ ಊಹೆಯನ್ನು ಸಾಕ್ಷ್ಯ ಬೆಂಬಲಿಸಲಿಲ್ಲ. ಸುಮಾರು 1,300 ರೋಗಿಗಳನ್ನು ಒಳಗೊಂಡ, 2023ರಲ್ಲಿ ಪ್ರಕಟವಾದ ‘ಎಫರ್ಟ್ ಪ್ರೋಟೀನ್’ ಪ್ರಯೋಗದಲ್ಲಿ ದಿನಕ್ಕೆ ಕಿಲೋ ತೂಕಕ್ಕೆ 2.2 ಗ್ರಾಂ ಅಥವಾ ಹೆಚ್ಚು ಪ್ರೋಟೀನ್ ಗುರಿಯಿಟ್ಟವರು, 1.2 ಗ್ರಾಂ ಅಥವಾ ಕಡಿಮೆಯ ಗುಂಪಿನವರಿಗಿಂತ ಬೇಗ ಮನೆಗೆ ಮರಳಲಿಲ್ಲ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರಿಗೆ ಹೆಚ್ಚಿನ ಪ್ರಮಾಣ ಹಾನಿಯನ್ನೇ ಮಾಡಿರುವ ಸೂಚನೆ ಸಿಕ್ಕಿತು. ಯುರೋಪಿನ ಪೋಷಣಾ ತಜ್ಞರ 2019ರ ಮಾರ್ಗಸೂಚಿ 1.3 ಗ್ರಾಂ ಎನ್ನುತ್ತದೆ, ಅದೂ ಹಂತಹಂತವಾಗಿ. ಬಹುದಿನ ಊಟವಿಲ್ಲದೆ ಸೊರಗಿದವರಿಗೆ ಒಮ್ಮೆಲೇ ಆಹಾರ ಸುರಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯ.

ವ್ಯಾಯಾಮದ ಕಥೆಯೂ ಇಷ್ಟೇ ಸಂಕೀರ್ಣ. 2009ರ ಶ್ವೈಕರ್ಟ್ ಪ್ರಯೋಗದಲ್ಲಿ, ಮಂಪರು ಔಷಧವನ್ನು ದಿನವೂ ನಿಲ್ಲಿಸಿ ಬೇಗನೆ ಕೈಕಾಲು ಆಡಿಸಿದವರಲ್ಲಿ 59 ಶೇಕಡಾ ಮಂದಿ ಆಸ್ಪತ್ರೆ ಬಿಡುವಾಗ ಸ್ವತಂತ್ರವಾಗಿ ಓಡಾಡಿಕೊಂಡಿದ್ದರು. ಮಂಪರು ಔಷಧವನ್ನು ಹಾಗೆಯೇ ನಿಲ್ಲಿಸಿದರೂ ವಾಡಿಕೆಯ ಆರೈಕೆ ಮಾತ್ರ ಪಡೆದ ಗುಂಪಿನಲ್ಲಿ 35 ಶೇಕಡಾ. ಆದರೆ 2022ರ ‘ಟೀಮ್’ ಪ್ರಯೋಗದಲ್ಲಿ ದಿನಕ್ಕೆ ಸುಮಾರು 21 ನಿಮಿಷ ಚಟುವಟಿಕೆ ಮಾಡಿಸಿದ್ದು, ವಾಡಿಕೆಯ 9 ನಿಮಿಷಕ್ಕಿಂತ ಮೇಲೆನಿಸಲಿಲ್ಲ. ಹೃದಯಬಡಿತ, ರಕ್ತದೊತ್ತಡಗಳ ಏರುಪೇರು ಮಾತ್ರ ಹೆಚ್ಚಿತು. ಇವೆರಡನ್ನೂ ಒಟ್ಟಿಗೆ ಓದಿದರೆ, ಎಚ್ಚರವಾಗಿರುವ ರೋಗಿಯನ್ನು ಸುಮ್ಮನೆ ಮಲಗಿಸಿಡುವುದೂ ತಪ್ಪು, ದೇಹ ಒಪ್ಪದಷ್ಟು ದುಡಿಸುವುದೂ ತಪ್ಪು ಎಂಬುದು ನನ್ನ ನಿಲುವು.

ಕಾಸರಗೋಡಿನ ರೋಗಿಗೆ ಇನ್ನೊಂದು ತೊಡಕಿದೆ, ಭಾಷೆಯದು. ಸ್ನಾಯುಬಲವನ್ನು ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಪಾದಗಳ ಚಲನೆಯಿಂದ ಅಳೆಯುತ್ತಾರೆ. ಎರಡೂ ಬದಿ ಸೇರಿ ಒಟ್ಟು 60 ಅಂಕ, 48ಕ್ಕಿಂತ ಕಡಿಮೆಯಾದರೆ ನಿಶ್ಶಕ್ತಿ ಎಂದರ್ಥ. ಅದಕ್ಕೂ ಮೊದಲು ‘ಕಣ್ಣು ಬಿಡಿ’, ‘ನಾಲಗೆ ಚಾಚಿ’ ಮುಂತಾದ ಸೂಚನೆ ಕೊಟ್ಟು ರೋಗಿಗೆ ಪ್ರಜ್ಞೆ ಇದೆಯೇ ಎಂದು ನೋಡಬೇಕು. ತುಳುವೋ ಬ್ಯಾರಿಯೋ ಮನೆಮಾತಾದ ವೃದ್ಧೆಗೆ, ಮಂಪರು ಇನ್ನೂ ಇಳಿಯದಿರುವಾಗ, ಇಂಗ್ಲಿಷ್ ಬೆರೆತ ಸೂಚನೆ ತಲುಪದಿದ್ದರೆ ‘ಸ್ಪಂದಿಸುತ್ತಿಲ್ಲ’ ಎಂಬ ದಾಖಲೆಯಾಗಿ ವ್ಯಾಯಾಮವೇ ಮುಂದಕ್ಕೆ ಹೋಗಬಹುದು. ಹತ್ತಿರದವರೊಬ್ಬರನ್ನು ಆ ಹೊತ್ತಿಗೆ ಒಳಗೆ ಬಿಡುವುದಕ್ಕೆ ಖರ್ಚೇನೂ ಇಲ್ಲ.

ಮನೆಗೆ ಬಂದ ಮೇಲೆ ಕುಚ್ಚಲಕ್ಕಿ ಗಂಜಿ. ಜೀರ್ಣಕ್ಕೆ ಹಗುರ, ಬಾಯಿಗೆ ಹಿತ, ನಿಜ. ಆದರೆ 50 ಗ್ರಾಂ ಅಕ್ಕಿಯ ಗಂಜಿಯಲ್ಲಿ ಪ್ರೋಟೀನ್ ಹೆಚ್ಚೆಂದರೆ 4 ಗ್ರಾಂ. ಮೇಲಿನ ತೆಳಿಯಲ್ಲಿ ಇಲ್ಲವೆಂದೇ ಹೇಳಬೇಕು. 50 ಕಿಲೋ ತೂಕದವರಿಗೆ 1.3 ಗ್ರಾಂ ಲೆಕ್ಕದಲ್ಲಿ 65 ಗ್ರಾಂ ಬೇಕು. ಮೂರು ಹೊತ್ತೂ ಗಂಜಿ-ಉಪ್ಪಿನಕಾಯಿ ಕೊಟ್ಟ ಮನೆಯವರು ಅಕ್ಕರೆಯಿಂದಲೇ ರೋಗಿಯನ್ನು ಉಪವಾಸ ಕೆಡವಿದಂತೆ. ಅದೇ ಗಂಜಿಗೆ ಹುರುಳಿ ಸಾರು, ಮೀನು, ಮೊಟ್ಟೆ, ಗಟ್ಟಿ ಮೊಸರು ಸೇರಿದರೆ ಲೆಕ್ಕವೇ ಬದಲಾಗುತ್ತದೆ: ಒಣ ಹುರುಳಿ 50 ಗ್ರಾಂನಲ್ಲಿ ಸುಮಾರು 11 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಮೂತ್ರಪಿಂಡ ಕೆಟ್ಟವರಿಗೆ ಮಾತ್ರ ವೈದ್ಯರೇ ಪ್ರಮಾಣ ಹೇಳಬೇಕು.

ಚಿಕಿತ್ಸೆ ಒಂದು ರಾಜ್ಯದಲ್ಲಿ, ಚೇತರಿಕೆ ಇನ್ನೊಂದರಲ್ಲಿ ಆಗುವಾಗ ನಡುವೆ ಹೋಗುವುದು ಬಿಡುಗಡೆ ಪತ್ರವೊಂದೇ. ಅದರಲ್ಲಿ ಔಷಧಗಳ ಜತೆಗೆ ಬಲದ ಅಂಕ, ತೂಕ, ಪ್ರೋಟೀನ್ ಗುರಿ, ಎದ್ದು ಕೂರುವ-ನಿಲ್ಲುವ ವ್ಯಾಯಾಮದ ವಿವರ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಇರಬೇಕು. 2008ರ ಕೇರಳ ಉಪಶಮನ ಆರೈಕೆ ನೀತಿಯ ಬಲದಿಂದ ಪಂಚಾಯತುಗಳ ದಾದಿಯರು ಈಗಾಗಲೇ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ಆ ಪತ್ರದ ಒಂದು ಪ್ರತಿ ಅವರ ಕೈಸೇರಿದರೆ, ಮುಂದಿನ ಭೇಟಿಯಲ್ಲಿ ರೋಗಿ ಕುರ್ಚಿಯಿಂದ ಕೈ ಊರದೆ ಏಳಬಲ್ಲನೇ ಎಂದು ನೋಡಿ ಬರೆದಿಡಬಹುದು.