ಕೊಪಣನಾಡಿನ ನೆಲ ಮತ್ತು ಛಾಯಾಚಿತ್ರಗಳ ಸಾಕ್ಷ್ಯ

ಕವಿರಾಜಮಾರ್ಗದಲ್ಲಿ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಉಕ್ತವಾಗಿರುವ ಕೊಪಣನಗರವೇ ಇಂದಿನ ಕೊಪ್ಪಳವೆಂದು ವಿದ್ವಾಂಸರು ಗುರುತಿಸಿದ್ದಾರೆ. ಜೈನರಿಗೆ ಇದು ಮಹಾತೀರ್ಥ. ಕುಂದಕುಂದಾನ್ವಯದ ಏಕಚಟ್ಟುಗದ ಭಟಾರರ ಶಿಷ್ಯರಾದ ಸರ್ವಣಂದಿ ಭಟಾರರು ಇಲ್ಲಿ ನೆಲಸಿ, ತಪಂಗೈದು, ಸನ್ಯಸನವಿಧಿಯಿಂದ ಮುಡಿಪಿದರೆಂದು ಶಕವರ್ಷ 803ರ, ಅಂದರೆ ಕ್ರಿ.ಶ. 881ರ ಶಾಸನವು ತಿಳಿಸುತ್ತದೆ. ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನದ ಸಮೀಪದಲ್ಲಿಯೇ, ‘ವರಾಂಗಚರಿತ’ವನ್ನು ರಚಿಸಿದ ಜಟಾಸಿಂಹನಂದಿ ಆಚಾರ್ಯರ ಪಾದಗಳಿವೆ, ಅವನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಅಲ್ಲಿಯ ಬರಹವು ಹೇಳುತ್ತದೆ. ಕೊಪಣದಲ್ಲಿ 772 ಬಸದಿಗಳಿದ್ದುವೆಂಬ ಪ್ರತೀತಿಯುಂಟು. ಇಂದು ಕಾಣಸಿಗುವುವು ಕೆಲವೇ.

ಶಾಸನವು ದಾನ, ಗುರುಪರಂಪರೆ, ಕಾಲಗಳನ್ನು ಹೇಳುವುದೇ ಹೊರತು ಸುತ್ತಲಿನ ನೆಲವು ಹೇಗಿತ್ತೆಂಬುದನ್ನು ತೋರಿಸಲಾರದು. ಆ ಕೊರತೆಯನ್ನು ಕಳೆದ ಒಂದೂವರೆ ಶತಮಾನದ ಮಟ್ಟಿಗಾದರೂ ತುಂಬಬಲ್ಲುದು ಛಾಯಾಚಿತ್ರ. ಇದಕ್ಕೆ ನಿದರ್ಶನವು ಗಂಗಾವತಿ ತಾಲೂಕಿನ ಆನೆಗೊಂದಿಗೆ ಎದುರಾಗಿ, ತುಂಗಭದ್ರೆಯ ಆಚೆಯ ದಡದಲ್ಲಿರುವ ಹಂಪೆಯಲ್ಲಿಯೇ ದೊರೆಯುತ್ತದೆ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಅಲ್ಲಿಯ ಅವಶೇಷಗಳನ್ನು ಮೇಣದ ಕಾಗದದ ಮೇಲೆ ಚಿತ್ರಿಸಿದನು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಮರಳಿ ಚಿತ್ರಗಳನ್ನು ತೆಗೆದರು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಳೆಯ ಚಿತ್ರದಲ್ಲಿ ಇಟ್ಟಿಗೆಯ ಗೋಪುರವಿದೆ, ಹೊಸದರಲ್ಲಿ ಇಲ್ಲ. ಆ ಮೊದಲ ಚಿತ್ರವು ಉಳಿದಿರದಿದ್ದರೆ ಅಂಥ ಶಿಖರವೊಂದು ಅಲ್ಲಿತ್ತೆಂಬುದನ್ನು ನಂಬುವವರೇ ವಿರಳರಾಗುತ್ತಿದ್ದರು.

ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕ ಶಾಸನಗಳು 1931ರಲ್ಲಿ ಬೆಳಕಿಗೆ ಬಂದುವು. ಇಲ್ಲಿಯ ಕನ್ನಡ ಶಾಸನಗಳನ್ನು ಹೈದರಾಬಾದಿನ ಪುರಾತತ್ತ್ವ ಇಲಾಖೆಯು 1935ರಲ್ಲಿ ಪ್ರಕಟಿಸಿತು. ಅಕ್ಷರಗಳು ಹೀಗೆ ಉಳಿದುವು. ಆದರೆ ನೆಲವು ಅಂದಿನಂತೆಯೇ ಉಳಿಯಲಿಲ್ಲ.

ತುಂಗಭದ್ರಾ ಅಣೆಕಟ್ಟಿನ ಕಾರ್ಯವು 1945ರಲ್ಲಿ ಆರಂಭವಾಗಿ, 1953ರಲ್ಲಿ ಜಲಾಶಯದಲ್ಲಿ ನೀರು ನಿಂತಿತು. ಅನೇಕ ಹಳ್ಳಿಗಳು ಮುಳುಗಡೆಯಾದುವು. ನದಿಯಂಚಿನಲ್ಲಿ ವಿಜಯನಗರ ಕಾಲದ ಕಾಲುವೆಗಳ ಬಯಲನ್ನು ಬಿಟ್ಟರೆ ಬಹುಮಟ್ಟಿಗೆ ಜೋಳ, ಸಜ್ಜೆಗಳ ಸೀಮೆಯಾಗಿದ್ದ ಗಂಗಾವತಿಯು ಎಡದಂಡೆ ಕಾಲುವೆಯಿಂದ ಭತ್ತದ ಕಣಜವೆನಿಸಿತು. ಕುಷ್ಟಗಿ, ಯಲಬುರ್ಗಾಗಳು ಮಾತ್ರ ಬಹುಪಾಲು ಮಳೆಯನ್ನೇ ನಂಬಿದ ಬಯಲುನಾಡಾಗಿ ಉಳಿದುವು. ಕುಷ್ಟಗಿಯ ಕಡೆ ಬೆಲೆಬಾಳುವ ಕೆಂಪು ಕಲ್ಲಿಗಾಗಿ ಗಣಿಗಳು ತೆರೆದುವು.

ಕೊಪಣನಾಡಿನಲ್ಲಿ ಧರ್ಮದ ಕುರುಹುಗಳು ಬಹುವಾಗಿ ಬಂಡೆಗಳ ಮೈಮೇಲೆಯೇ ಇವೆ. ಬಂಡೆಯು ಒಡೆದರೆ ಪಾದವೂ ಇಲ್ಲ, ನಿಷಿಧಿಯೂ ಇಲ್ಲ. ಬಿದ್ದ ಬಸದಿಯ ಕಂಬವು ಮತ್ತೊಂದು ಕಟ್ಟಡವನ್ನು ಸೇರಿದರೆ ಅದು ಎಲ್ಲಿಯದೆಂದು ಹೇಳುವವರಿಲ್ಲ. ಆದುದರಿಂದ ಶ್ರಾವಕರ ಮನೆಗಳಲ್ಲಿ ಮದುವೆ, ಯಾತ್ರೆ, ಪೂಜೆಗಳ ನೆನಪಿಗಾಗಿ ತೆಗೆಸಿಟ್ಟ ಹಳೆಯ ಚಿತ್ರಗಳೂ ಇತಿಹಾಸದ ಆಕರಗಳೇ ಸರಿ. ನಿಂತ ಜನರ ಹಿಂದೆ ಒಂದು ಗುಡ್ಡ, ಕೆರೆ ಅಥವಾ ಬಸದಿಯ ಮೂಲೆಯು ಕಾಣುತ್ತಿರಬಹುದು. ಅಂಥ ಚಿತ್ರದ ಹಿಂಬದಿಯಲ್ಲಿ ಊರು, ವರ್ಷ, ನಿಂತ ದಿಕ್ಕುಗಳನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ತೆಗೆಯುವ ಚಿತ್ರಗಳಿಗೂ ಈ ನಿಯಮವು ಸಲ್ಲುತ್ತದೆ. ಚಾವಯ್ಯನು ಪಾದಗಳನ್ನು ಮಾತ್ರ ಕಡೆಯಿಸದೆ ಅವು ಯಾರವೆಂಬುದನ್ನೂ ಬರೆಯಿಸಿದುದರಿಂದಲೇ ಆಚಾರ್ಯರ ನೆನಪು ಇಂದಿಗೂ ಕೊಪಣದಲ್ಲಿ ನಿಂತಿದೆ.